ಹಾಕಿಯೂ ಕಾಲ ಕೆಳಗಿನ ನೆಲವೂ

ಬಾಗಿದ ಕೋಲಿನಿಂದ ಚೆಂಡನ್ನಟ್ಟುವ ಆಟವು ಯಾವೊಂದು ದೇಶದ ಸೊತ್ತೂ ಅಲ್ಲ. ಈಜಿಪ್ಟಿನ ಬೆನಿ ಹಸನ್ನಿನಲ್ಲಿ, ಸುಮಾರು 4000 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರ ಗೋಡೆಯ ಮೇಲೆ, ಇಬ್ಬರು ಅಂಥ ಕೋಲುಗಳನ್ನು ಹಿಡಿದು ಎದುರುಬದುರಾಗಿ ನಿಂತಿರುವರು. ನಡುವಣ ದುಂಡು ವಸ್ತು ಚೆಂಡೋ ಬಳೆಯೋ ಎಂಬ ಚರ್ಚೆ ಬೇರೆ. ಈ ಆಟದ ರೂಪಭೇದಗಳಿಗೆ ಬಹುಮಟ್ಟಿಗೆ ನೆಲವೇ ಕಾರಣವೆನ್ನಬಹುದು. ಐರ್ಲೆಂಡಿನ ಹರ್ಲಿಂಗಿನಲ್ಲಿ ಚೆಂಡು ಗಾಳಿಯಲ್ಲೇ ಹೆಚ್ಚಾಗಿ ಹಾರುವುದರಿಂದ ಅದರ ಮಾತು ಬೇರೆ. ಸ್ವೀಡನ್, ರಷ್ಯಗಳ ಬ್ಯಾಂಡಿಯಾದರೋ ವಿಶಾಲವಾದ ಹಿಮದ ಬಯಲಿನಲ್ಲಿ 11 ಮಂದಿಯ ತಂಡಗಳು ಚೆಂಡಿನಿಂದಲೇ ಆಡುವ ಆಟ.

ಕೆನಡದ ಮಾಂಟ್ರಿಯಲ್ ನಗರದಲ್ಲಿ ಈ ಆಟ ಎರಡು ಬಾರಿ ನೆಲ ಬದಲಿಸಿತು. 1875ರ ಮಾರ್ಚ್ 3ರಂದು ಜೇಮ್ಸ್ ಕ್ರೈಟನ್ ಮೊದಲಾದವರು ಅಲ್ಲಿನ ವಿಕ್ಟೋರಿಯಾ ಸ್ಕೇಟಿಂಗ್ ಭವನದೊಳಗೆ, ತಂಡಕ್ಕೆ 9 ಮಂದಿಯಂತೆ ಹಿಮದ ಮೇಲೆ ಹಾಕಿಯಾಡಿದರು. ಸೂರಿನ ಕೆಳಗೆ ಚೆಂಡು ಪುಟಿದು ಪ್ರೇಕ್ಷಕರಿಗೆ ತಗುಲಬಾರದೆಂದು ಚಪ್ಪಟೆಯಾದ ಮರದ ಬಿಲ್ಲೆಯನ್ನು ಬಳಸಿದರು. ಇಂದು ಕೆನಡದಲ್ಲಿ ಹಾಕಿಯೆಂದರೆ ಐಸ್ ಹಾಕಿಯೇ.

ಅದೇ ನಗರದಲ್ಲಿ 1976ರ ಒಲಿಂಪಿಕ್ಸ್ ಹಾಕಿಯು ಮೊತ್ತಮೊದಲಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಉಬ್ಬುತಗ್ಗಿನ ಹುಲ್ಲಿನಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಒಯ್ಯುವ ಮಣಿಕಟ್ಟಿನ ಚಳಕವೇ ಭಾರತೀಯರ ಬಂಡವಾಳ. ಸಮತಟ್ಟಾದ ಹಾಸಿನಲ್ಲಾದರೋ ಚೆಂಡು ನೇರವಾಗಿ ವೇಗವಾಗಿ ಓಡುವುದು. ದೂರದ ಪಾಸಿಗೂ ಕಾಲಿನ ದಮ್ಮಿಗೂ ಬೆಲೆ ಏರಿತು. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ಪನ್ನು ಗೆದ್ದಿದ್ದ ಭಾರತವು ಮಾಂಟ್ರಿಯಲ್ಲಿನಲ್ಲಿ ಆಸ್ಟ್ರೇಲಿಯಕ್ಕೆ 1-6ರಿಂದ ಸೋತು, ಕೊನೆಗೆ 7ನೆಯ ಸ್ಥಾನಕ್ಕಿಳಿಯಿತು. 1928ರಿಂದ ಪದಕವಿಲ್ಲದೆ ಮರಳಿದ್ದು ಅದೇ ಮೊದಲು. ಕೊಡಗಿನ ಬಿ. ಪಿ. ಗೋವಿಂದ ಆ ಗೆಲವಿನ ತಂಡದಲ್ಲಿಯೂ ಇದ್ದರು, ಈ ಸೋಲಿನ ತಂಡದಲ್ಲಿಯೂ ಇದ್ದರು.

ಆದರೂ ಹೊಣೆಯೆಲ್ಲವನ್ನೂ ಹಾಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮಂತೆಯೇ ಹುಲ್ಲಿನಲ್ಲಿ ಪಳಗಿದ ಪಾಕಿಸ್ತಾನವು ಅಲ್ಲಿಯೇ ಕಂಚು ಪಡೆಯಿತು. ರೋಮಿನಲ್ಲಿ 1960ರ ಫೈನಲನ್ನು ಭಾರತ ಸೋತದ್ದು ಹುಲ್ಲಿನ ಮೇಲೆಯೇ. 1980ರಲ್ಲಿ ಮಾಸ್ಕೋದ ಕೃತಕ ಹಾಸಿನ ಮೇಲೆ ಚಿನ್ನವೂ ಬಂದಿತು. ಅನೇಕ ಪ್ರಬಲ ತಂಡಗಳು ಬಹಿಷ್ಕಾರದಿಂದ ದೂರ ಉಳಿದಿದ್ದವೆಂಬುದನ್ನು ಮಾತ್ರ ಮರೆಯಲಾಗದು. ಮುಂದಿನ ಒಲಿಂಪಿಕ್ ಪದಕವು 41 ವರ್ಷಗಳ ಬಳಿಕ, 2021ರಲ್ಲಿ ಟೋಕಿಯೋದಲ್ಲಿ, ಕಂಚಿನ ರೂಪದಲ್ಲಿ ದೊರೆಯಿತು.