ಹಳಿಗೆ ದಾರಿ ಬಿಟ್ಟ ಮದ್ದಿನ ಮನೆ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ದರಿಯಾ ದೌಲತ್ ನೋಡಿ ಹಿಂತಿರುಗುತ್ತಾರೆ. ರೈಲು ನಿಲ್ದಾಣದ ಸಮೀಪವಿರುವ ಇಟ್ಟಿಗೆಯ ಪುಟ್ಟ ಕಟ್ಟಡದತ್ತ ಕಣ್ಣು ಹಾಯಿಸುವವರು ಕಡಿಮೆ. ಟಿಪ್ಪು ಸುಲ್ತಾನನ ಕಾಲದ ಈ ಶಸ್ತ್ರಾಗಾರ 2017ರಲ್ಲಿ ಇಡಿಯಾಗಿ ತಾನಿದ್ದ ಜಾಗದಿಂದ ಬೇರೆಡೆಗೆ ಸರಿಯಿತು.

ಮೈಸೂರು ಸೈನ್ಯಕ್ಕೆ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಹೆಸರು ತಂದಿದ್ದವು. ರಾಕೆಟ್ಟಿಗಾಗಲಿ, ಫಿರಂಗಿಗಾಗಲಿ ಮದ್ದು ಬೇಕು. ಒಂದು ಕಿಡಿ ಬಿದ್ದರೆ ಅದೇ ಮದ್ದು ಕೋಟೆಗೆ ಮುಳುವಾಗುತ್ತಿತ್ತು. ಆದ್ದರಿಂದಲೇ ಮದ್ದಿನ ಮನೆಗಳನ್ನು ಕೋಟೆಯೊಳಗೆ ಒಂದೇ ಕಡೆ ಕಟ್ಟದೆ ಅಲ್ಲಲ್ಲಿ ಕಟ್ಟಲಾಯಿತು. ಇಟ್ಟಿಗೆ, ಸುಣ್ಣ, ಸುರ್ಕಿ ಗಾರೆಯ ದಪ್ಪ ಗೋಡೆಗಳ ಈ ಕಟ್ಟಡದ ಒಂದಷ್ಟು ಭಾಗವೂ ನೆಲದೊಳಗಿತ್ತು. ಹೊರಗಿನ ಗುಂಡು ನೇರವಾಗಿ ತಾಗದಂತೆ, ಒಳಗೆ ಸ್ಫೋಟವಾದರೆ ಅದರ ರಭಸ ಹೊರಗೆ ಹರಡದಂತೆ ಸುತ್ತಲ ಮಣ್ಣೇ ಕಾವಲು.

ಈ ಎಚ್ಚರಿಕೆ ಅನಗತ್ಯವಾಗಿರಲಿಲ್ಲ. 1799ರ ಮೇ 2ರಂದು ಬ್ರಿಟಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ಬಡಿದು ಭಾರಿ ಸ್ಫೋಟವಾಯಿತು. ಎರಡೇ ದಿನಗಳಲ್ಲಿ, ಮೇ 4ರಂದು, ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ.

ಯುದ್ಧದಿಂದ ಉಳಿದ ಮದ್ದಿನ ಮನೆಗೆ ಎರಡು ಶತಮಾನಗಳ ನಂತರ ಕುತ್ತು ಬಂದದ್ದು ರೈಲಿನಿಂದ. ಬೆಂಗಳೂರು-ಮೈಸೂರು ಜೋಡಿ ಮಾರ್ಗದ ಎರಡನೇ ಹಳಿ ಹಾಯಬೇಕಾದ ದಾರಿಗೆ ಅದು ಅಡ್ಡವಾಗಿತ್ತು. ಹಳಿಯೂ ಬೇಕು, ಸ್ಮಾರಕವೂ ಉಳಿಯಬೇಕು ಎಂಬ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರವೇ ಸ್ಥಳಾಂತರ.

ಗಾರೆಯ ಕಟ್ಟಡ ಮೇಲಿನ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳದು. ಒಂದು ಮೂಲೆ ತುಸು ಮೇಲೆದ್ದರೂ ಗೋಡೆ ಬಿರುಕು ಬಿಡುತ್ತದೆ. ಹೀಗಾಗಿ ಸುತ್ತಲ ಮಣ್ಣು ತೆಗೆದು, ತಳದಲ್ಲಿ ಉಕ್ಕಿನ ತೊಲೆಗಳನ್ನು ಕೂರಿಸಿ, ಹೈಡ್ರಾಲಿಕ್ ಜ್ಯಾಕುಗಳಿಂದ ಎಲ್ಲ ಕಡೆಯಿಂದಲೂ ಏಕಕಾಲಕ್ಕೆ, ಒಂದೇ ಪ್ರಮಾಣದಲ್ಲಿ ಎತ್ತಬೇಕಾಯಿತು. ಅಮೆರಿಕದ ತಜ್ಞರ ನೆರವಿನಿಂದ ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಸುಮಾರು ನೂರು ಮೀಟರ್ ಆಚೆಗೆ ಸಾಗಿಸಿ ಹೊಸ ತಳಪಾಯದ ಮೇಲೆ ಇಳಿಸಲಾಯಿತು. ತಗುಲಿದ ವೆಚ್ಚ ಹದಿಮೂರು ಕೋಟಿ ರೂಪಾಯಿಗೂ ಅಧಿಕ.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಎಲ್ಲಿ ಕಟ್ಟಬೇಕು, ಎಷ್ಟು ಆಳಕ್ಕೆ ಇಳಿಸಬೇಕು ಎಂಬುದೂ ಮದ್ದಿನ ಮನೆಯ ವಾಸ್ತುವಿನ ಭಾಗವೇ. ಇಟ್ಟಿಗೆ ಗಾರೆಗಳನ್ನು ಯಂತ್ರ ಹೊತ್ತು ತಂದಿತು. ಮೂಲ ನೆಲೆಯನ್ನು ತರಲಾಗಲಿಲ್ಲ. ಹಿಂದೆ ಅದು ಎಲ್ಲಿತ್ತು, ಏಕೆ ಅಲ್ಲಿತ್ತು ಎಂಬುದನ್ನು ಹೇಳುವ ಫಲಕವೊಂದು ಹಳೆಯ ಜಾಗದಲ್ಲಿದ್ದರೆ ಆ ಕೊರತೆ ಒಂದಿಷ್ಟಾದರೂ ತುಂಬೀತು.