ಬಲ್ಮಠದ ಚರಿತ್ರೆಯಲ್ಲಿ ಅಜ್ಜಿ ಎಲ್ಲಿ?

ಮಂಗಳೂರಿನ ಬಲ್ಮಠದ ಚರಿತ್ರೆ ಬರೆಯಹೊರಟವರೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತಾರೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ ಪಾದ್ರಿಗಳು ಬಂದಿಳಿದದ್ದು, 1841ರ ಕಲ್ಲಚ್ಚಿನ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, 1851ರ ನೇಯ್ಗೆ ಕಾರ್ಖಾನೆ, ಅಲ್ಲಿ ಹುಟ್ಟಿತೆನ್ನುವ ಖಾಕಿ ಬಣ್ಣದ ಕಥೆ, 1865ರಲ್ಲಿ ಜೆಪ್ಪುವಿನಲ್ಲಿ ಸುಟ್ಟ ಹೆಂಚು, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಒಂದು ಸಂಸ್ಥೆಯ ಚರಿತ್ರೆ, ಊರಿನದಲ್ಲ. ಪಾದ್ರಿಗಳು ಇಲ್ಲಿ ನಿಂತವರಲ್ಲ. ಹೆಬಿಕರು ಕಣ್ಣೂರಿಗೆ ಹೋದರು. ಮೋಗ್ಲಿಂಗರು ಕೊಡಗಿನ ಆನಂದಪುರಕ್ಕೆ ಹೋಗಿ, 1860ರಲ್ಲಿ ಜರ್ಮನಿಗೆ ಮರಳಿದರು. ಕಿಟ್ಟೆಲರದಂತೂ ಧಾರವಾಡ, ಹುಬ್ಬಳ್ಳಿ, ಮಡಿಕೇರಿ ಎಂದು ಸುತ್ತಾಟವೇ. ನೂರು ವರ್ಷಕ್ಕೂ ಮೀರಿ ಬಲ್ಮಠದ ಅದೇ ಗುಡ್ಡದ ಸುತ್ತ ಅವೇ ಮನೆತನಗಳು ಭಾನುವಾರದ ಗಂಟೆಗೆ ಎದ್ದು ನಡೆದವಲ್ಲ, ಅವನ್ನು ನಡೆಸಿದವರು ಯಾರು? ದೀರ್ಘಾಯುಷಿಗಳಾಗಿ ಬಾಳಿ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೈಹಿಡಿದು ದೇವಾಲಯಕ್ಕೆ ಕರೆದೊಯ್ದ ಅಜ್ಜಿಯರು ಎಂಬುದು ನನ್ನ ವಾದ. ಬಲ್ಮಠದ ಚರಿತ್ರೆಗೆ ಅವರ ಆಯುಷ್ಯವೇ ಸರಿಯಾದ ಅಳತೆಗೋಲು.

ಮೊದಲು ಆ ಅಜ್ಜಿ ತೆತ್ತ ಬೆಲೆಯನ್ನು ನೋಡಬೇಕು. ತುಳುನಾಡಿನಲ್ಲಿ ಬಾಸೆಲ್ ಮಿಶನ್ನಿನ ಕ್ರೈಸ್ತ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರದು ಅಳಿಯಸಂತಾನದ ಕಟ್ಟು: ಆಸ್ತಿಯ ಹಕ್ಕು ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಮಕ್ಕಳ ಬರಿ, ಅಂದರೆ ವಂಶದ ಬಳಿ, ತಾಯಿಯದೇ. ದೀಕ್ಷಾಸ್ನಾನ ಪಡೆದ ಗಂಡಸು ಕಳೆದುಕೊಂಡದ್ದು ನೆಂಟಸ್ತಿಕೆ ಮತ್ತು ಕಸುಬು; ಶೇಂದಿ ಇಳಿಸುವುದನ್ನು ಸಭೆ ಒಪ್ಪುತ್ತಿರಲಿಲ್ಲ. ಹೆಂಗಸು ಅದರ ಜೊತೆಗೆ ತಾನೇ ಮನೆತನದ ಬೇರು ಎಂಬ ಸ್ಥಾನವನ್ನೂ ಕಳೆದುಕೊಂಡಳು. ಇಂದಿಗೂ ಇಲ್ಲಿನ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ಬಂಗೇರ, ಕೋಟ್ಯಾನ್‌ನಂಥ ಹೆಸರುಗಳು ಸಿಗುತ್ತವೆ. ಅವು ಮೂಲದಲ್ಲಿ ತಾಯಿಯಿಂದ ಬರುವ ಬರಿಯ ಹೆಸರುಗಳು. ಈಗ ತಂದೆಯಿಂದ ಮಗನಿಗೆ ಹೋಗುವ ಕುಲನಾಮಗಳು. ಇಡೀ ಬದಲಾವಣೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಹಾಗಾದರೆ ಸಭೆ ಆಕೆಯನ್ನು ಕುಗ್ಗಿಸಿತು ಎನ್ನಬಹುದಲ್ಲ ಎಂದು ಕೇಳುವವರಿದ್ದಾರೆ. ಆಸ್ತಿಯ ಮಟ್ಟಿಗೆ ಹೌದು, ಒಪ್ಪಲೇಬೇಕು. ಮತಾಂತರವನ್ನು ಬರೀ ಬಿಡುಗಡೆಯೆಂದು ಹೊಗಳುವ ಸ್ಮರಣ ಸಂಚಿಕೆಗಳು ಈ ಮಾತನ್ನು ಎತ್ತುವುದೇ ಇಲ್ಲ.

ಆದರೆ ಕಳೆದುಕೊಂಡ ಜಾಗಕ್ಕೆ ಬದಲಾಗಿ ಆಕೆ ಕಟ್ಟಿಕೊಂಡದ್ದೂ ಇದೆ. ಅದು ಅಕ್ಷರದಿಂದ ಶುರುವಾಯಿತು. ದೃಢೀಕರಣವಾಗಿ ಪವಿತ್ರ ಭೋಜನಕ್ಕೆ ಕೂರಬೇಕಾದರೆ ಹುಡುಗಿಯೂ ಪ್ರಶ್ನೋತ್ತರ ಕಲಿಯಬೇಕು, ವೇದ ಓದಬೇಕು. ಮನೆಯ ಮಾತು ತುಳು. ಶಾಲೆ, ಪತ್ರಿಕೆ, ಪುಸ್ತಕ ಹೆಚ್ಚಾಗಿ ಕನ್ನಡ. ಪಾದ್ರಿಗಳು ತುಳುವಿಗೂ ಹೊಸ ಒಡಂಬಡಿಕೆಯನ್ನೂ ಹಾಡುಗಳನ್ನೂ ತಂದರಲ್ಲ ಎನ್ನಬಹುದು. ತಂದರು, ನಿಜ, ಆದರೆ ಅಚ್ಚು ಹಾಕಿದ್ದು ಕನ್ನಡ ಲಿಪಿಯಲ್ಲಿ. ಹೇಗೆ ನೋಡಿದರೂ ಹೆಣ್ಣುಮಗಳಿಗೆ ಕನ್ನಡದ ಅಕ್ಷರ ಬೇಕಾಯಿತು. ಅದೇ ಕಾಲದಲ್ಲಿ ಕರಾವಳಿಯ ಎಷ್ಟೋ ಉಳ್ಳವರ ಮನೆಗಳ ಹೆಣ್ಣುಮಕ್ಕಳು ಓಲೆಯನ್ನೂ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ ಎಂಬುದನ್ನು ನೆನೆದರೆ, ಹೆಂಚು ಹೊರುವಾಕೆ ಸಂಗೀತದ ಪುಸ್ತಕ ಬಿಚ್ಚಿ ಜರ್ಮನ್ ರಾಗಕ್ಕೆ ಕನ್ನಡ ಪದ ಹಾಡುತ್ತಿದ್ದುದರ ತೂಕ ಗೊತ್ತಾಗುತ್ತದೆ. ಕಣ್ಣು ಮಂಜಾದ ಮೇಲೆ ಪುಸ್ತಕವೂ ಬೇಕಾಗುತ್ತಿರಲಿಲ್ಲ. ಅರ್ಧ ಶತಮಾನ ಪ್ರತಿ ಭಾನುವಾರ ಹಾಡಿದ್ದು ಬಾಯಿಗೆ ಬಂದುಬಿಟ್ಟಿರುತ್ತದೆ, ಸಂಜೆಯ ಮನೆಪ್ರಾರ್ಥನೆಯಲ್ಲಿ ಅದು ಮೊಮ್ಮಕ್ಕಳ ಬಾಯಿಗೂ ದಾಟುತ್ತದೆ.

1865ರ ಸುಮಾರಿಗೆ ಹುಟ್ಟಿ ಎಂಬತ್ತು ತುಂಬಿ ತೀರಿಕೊಂಡ ಒಬ್ಬಾಕೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಜೆಪ್ಪುವಿನ ಕಾರ್ಖಾನೆ ಆಕೆಯ ಓರಗೆಯದು. ಬೆಳಗಿನ ಪ್ರಾರ್ಥನೆಯಿಂದ ಕೆಲಸ ಶುರುವಾಗುತ್ತಿದ್ದ ಆ ಕಾರ್ಖಾನೆಯಲ್ಲಿ ಹೆಂಗಸರೂ ಕೂಲಿಗಿದ್ದರು. ಹಳೆಯ ಮನೆ ಕೆಡವುವಲ್ಲಿ ಈಗಲೂ ಸಿಗುವ ಆ ಕೆಂಪು ಹೆಂಚನ್ನು ಮಗುಚಿ ನೋಡಿದರೆ ಮಿಶನ್ನಿನ ಹೆಸರು, 1865 ಎಂಬ ಇಸವಿ ಉಬ್ಬಕ್ಷರದಲ್ಲಿರುತ್ತದೆ. ಮಣ್ಣು ಹೊತ್ತವಳ ಗುರುತು ಎಲ್ಲಿಯೂ ಇರುವುದಿಲ್ಲ. ಕಿಟ್ಟೆಲರ ನಿಘಂಟು ಅಚ್ಚಾದಾಗ ಆಕೆ ಮೂವತ್ತರ ಆಸುಪಾಸಿನ ತಾಯಿ. 1914ರಲ್ಲಿ ಮಹಾಯುದ್ಧ ಬಂದು, ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದಲೇ ಕಳಿಸಿದಾಗ ಆಕೆ ಐವತ್ತರ ಹತ್ತಿರ, ಬಹುಶಃ ಅಜ್ಜಿ. ಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆ ಬರೀ ಪಾದ್ರಿಗಳ ಬಲದಿಂದ, ಕೂಲಿಯ ಆಸೆಯಿಂದ ನಿಂತಿದ್ದರೆ ಆಗಲೇ ಚದುರಬೇಕಿತ್ತು. ಚದುರಲಿಲ್ಲ. ‘ಅನ್ನಕ್ಕಾಗಿ ಸೇರಿದವರು’ ಎಂಬ ಹಳೆಯ ಹಂಗಿನ ಮಾತಿಗೆ ಇದಕ್ಕಿಂತ ನೇರ ಉತ್ತರ ನನಗೆ ಕಂಡಿಲ್ಲ.

ಆಗ ಸಭೆಯನ್ನು ನಡೆಸಿದವರು ಇಲ್ಲಿನವರೇ ಆದ ಸಭಾಪಾಲಕರು, ಹಿರಿಯರು. ಅವರೆಲ್ಲ ಗಂಡಸರಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ವೇದಿಕೆ ಅವರದು, ನಡಾವಳಿ ಪುಸ್ತಕದ ಸಹಿ ಅವರದು. ಆದರೆ ಸಭಾಪಾಲಕನಿಗೆ ವರ್ಗವಾಗುತ್ತದೆ, ಹಿರಿಯನ ಅವಧಿ ಮುಗಿಯುತ್ತದೆ. ಬೈಬಲ್ ಹೆಂಗಸರೆಂದು ಕರೆಸಿಕೊಂಡು ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದವರದು, ಬಾಣಂತಿಯ ಮನೆಗೂ ಸಾವಿನ ಮನೆಗೂ ಮೊದಲು ತಲುಪುತ್ತಿದ್ದ ಮುದುಕಿಯರದು ಅವಧಿಯಿಲ್ಲದ ಕೆಲಸ. ದಾಖಲೆಯಿಲ್ಲದೆ ಇದನ್ನು ಹೇಳುವುದು ಬರೀ ಭಾವುಕತೆ ಎನ್ನುವವರು ಸಭೆಯ ರಿಜಿಸ್ಟರುಗಳನ್ನು ತೆರೆಯಲಿ. ದೀಕ್ಷಾಸ್ನಾನ, ಮದುವೆ, ಸಮಾಧಿಯ ಮೂರು ಪುಸ್ತಕಗಳಲ್ಲಿ ಒಬ್ಬಳೇ ಹೆಂಗಸು ಮೊದಲು ಮಗುವಾಗಿ, ಆಮೇಲೆ ವಧುವಾಗಿ, ತಾಯಿಯಾಗಿ, ಕೊನೆಗೆ ವೃದ್ಧೆಯಾಗಿ ಬರುತ್ತಾಳೆ. ವಾರ್ಷಿಕ ವರದಿಗಳಲ್ಲಿ ಆಕೆಯಿಲ್ಲ, ಏಕೆಂದರೆ ಅವು ಬಾಸೆಲಿನ ಕಮಿಟಿಗೆ ಬರೆದವು. ಚರಿತ್ರೆಕಾರರು ಆ ವರದಿಗಳನ್ನೇ ನೆಚ್ಚಿಕೊಂಡದ್ದರಿಂದ ಆಕೆ ಕಣ್ಣಿಗೆ ಬೀಳಲಿಲ್ಲ.

2034ಕ್ಕೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದು ಇನ್ನೂರು ವರ್ಷ. ಸ್ಮರಣ ಸಂಚಿಕೆ ಹೊರಡುತ್ತದೆ. ಪಾದ್ರಿಗಳ ಪಟ್ಟಿ, ಸಭಾಪಾಲಕರ ಪಟ್ಟಿ, ಕಾರ್ಯದರ್ಶಿಗಳ ಫೋಟೋ ಹೇಗೂ ಇದ್ದೇ ಇರುತ್ತವೆ. ಅದನ್ನು ಸಿದ್ಧಮಾಡುವವರಲ್ಲಿ ಒಂದು ಬಿನ್ನಹ: ಸಮಾಧಿಯ ರಿಜಿಸ್ಟರಿನಿಂದ ಎಪ್ಪತ್ತು ದಾಟಿ ಬಾಳಿದ ಹೆಂಗಸರ ಹೆಸರುಗಳನ್ನು ಇಸವಿಯೊಡನೆ ಇಳಿಸಿಕೊಂಡು, ಆ ಪಟ್ಟಿಗಳಿಗಿಂತ ಮೊದಲು ಅಚ್ಚು ಹಾಕಿ. ಕಾಗದ ಪುಡಿಯಾಗುವ ಮುಂಚೆ ಈ ಕೆಲಸ ಶುರುವಾಗಬೇಕು.