ಅಂಗಡಿಯ ಪರವಾನಿಗೆ ಮತ್ತು ಗಡಿನಾಡ ಕನ್ನಡ

ಚರಿತ್ರೆಯನ್ನು ನಾವು ಅರಸರ ಶಾಸನಗಳಲ್ಲಿ ಹುಡುಕುತ್ತೇವೆ. ಸಣ್ಣ ಅಂಗಡಿಯ ಗೋಡೆಗೆ ತೂಗಹಾಕಿದ ಪರವಾನಿಗೆ ಪತ್ರವೂ ಒಂದು ಶಾಸನವೇ.

ಮದರಾಸು ಅಧಿಪತ್ಯದಲ್ಲಿ ಕುಂಪಣಿ ಸರಕಾರವು 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಕಡಲು ಮನೆಯೆದುರಿಗಿದ್ದರೂ ಅಪ್ಪಣೆಯಿಲ್ಲದೆ ಉಪ್ಪು ತೆಗೆಯುವುದು ಅಪರಾಧವೆನಿಸಿತು. 1943ರಲ್ಲಿ ಹೊಗೆಸೊಪ್ಪಿನ ಮೇಲೆ ಕೇಂದ್ರ ಅಬಕಾರಿ ಸುಂಕ ಬಂದಾಗ, ಅದನ್ನು ಹದಮಾಡುವವರೂ ಸಗಟು ಮಾರುವವರೂ ಲೈಸನ್ಸಿಗೆ ಒಳಪಟ್ಟರು. ಅಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಶಾನುಭೋಗರ ಲೆಕ್ಕ ಕನ್ನಡದಲ್ಲಿತ್ತು. ಅಪ್ಪಣೆಗಳು ಕಠಿಣವಾಗಿದ್ದರೂ ಓದಿ ಹೇಳುವವರು ಊರಲ್ಲೇ ಇದ್ದರು.

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಕಚೇರಿಯ ಭಾಷೆ ಮಲೆಯಾಳವಾದಂತೆ ಕನ್ನಡಿಗ ವ್ಯಾಪಾರಿಯ ಹೊರೆ ಇಮ್ಮಡಿಯಾಯಿತು: ನಿಯಮವನ್ನು ಪಾಲಿಸಬೇಕು, ಅದಕ್ಕೆ ಮೊದಲು ಅದು ಏನೆಂದು ತಿಳಿಯಬೇಕು.

ಪರವಾನಿಗೆಯೇ ಬೇಡವೆಂದು ನಾವು ವಾದಿಸುವುದಿಲ್ಲ. ತೂಕ ಸರಿಯಿರಬೇಕು, ತಿಂಡಿ ಶುಚಿಯಾಗಿರಬೇಕು. ಆದರೆ ದೊಡ್ಡ ವರ್ತಕನು ಕಾಗದಪತ್ರಕ್ಕೆ ಗುಮಾಸ್ತನನ್ನಿಡುತ್ತಾನೆ. ಚಹಾದಂಗಡಿಯವನು ಅಂಗಡಿಯ ಬಾಗಿಲು ಹಾಕಿ ಕಚೇರಿಗೆ ಹೋಗಬೇಕು. 1994ರ ಕೇರಳ ಪಂಚಾಯತ್ ರಾಜ್ ಶಾಸನದಡಿ ಪಂಚಾಯತಿನ ಪರವಾನಿಗೆ. ಅದರ ಮೇಲೆ 2006ರ ಆಹಾರ ಸುರಕ್ಷತಾ ಕಾಯಿದೆಯ ನೋಂದಣಿ. 2011ರ ನಿಯಮಗಳು ವಾರ್ಷಿಕ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವನ್ನಷ್ಟೇ ವಿಧಿಸಿದವು. ಶುಲ್ಕ ಅಲ್ಪ, ಕಳೆದುಹೋಗುವ ದುಡಿಮೆಯ ದಿನವೇ ದುಬಾರಿ.

ಪರಿಹಾರಗಳೂ ಇಲ್ಲದಿಲ್ಲ. 2019ರ ಕೇರಳ ಶಾಸನದಂತೆ ಹೊಸ ಸಣ್ಣ ಉದ್ದಿಮೆಗಳಲ್ಲಿ ಹೆಚ್ಚಿನವು ಸ್ವಯಂಘೋಷಣೆ ಸಲ್ಲಿಸಿ, ಸ್ವೀಕೃತಿ ಪತ್ರದ ಬಲದಿಂದ ಮೂರು ವರ್ಷ ರಾಜ್ಯದ ಹಲವು ಪರವಾನಿಗೆಗಳಿಲ್ಲದೆ ನಡೆಯಬಹುದು. ಅದಕ್ಕಿಂತ ಅರ್ಧ ಶತಮಾನ ಮೊದಲೇ, 1969ರ ಕೇರಳ ಅಧಿಕೃತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ರಾಜ್ಯ ಸರಕಾರದೊಡನೆಯೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆಯೂ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನಿತ್ತಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು.

ಈ ಹಕ್ಕು ಭಾಷಣದಿಂದ ಉಳಿಯದು, ಅರ್ಜಿಯಿಂದ ಉಳಿದೀತು. ಸೇದದ ಬಾವಿ ಹೂಳು ತುಂಬುತ್ತದೆ. ನಮ್ಮ ಸಂಘದ ವಿದ್ಯಾವಂತ ಯುವಕ ಯುವತಿಯರು ತಿಂಗಳಿಗೊಂದು ದಿನ ಕುಳಿತು ನೆರೆಯ ಅಂಗಡಿಗಾರರಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರೆ, ಅದು ಯಾವ ಗೋಷ್ಠಿಗೂ ಕಡಿಮೆಯಲ್ಲದ ಕನ್ನಡ ಸೇವೆಯಾದೀತು ಎಂಬುದು ನಮ್ಮ ವಿನಮ್ರ ಭಾವನೆ.